ಬೀದಿಯಲ್ಲಿ ಬೋರಕ್ಕನ ಹಾಸು

ಚಳ್ಳಕೆರೆ
೧೯–೩–೨೦೦೧, ಸೋಮವಾರ

ಅಕ್ಕರೆಯ ಸೊಸೆ, ಅದಕ್ಕಿಂತ ಮೊದಲು ನನ್ನ ತಂಗಿಯ ಮಗಳು ಮಂಜಮ್ಮನಿಗೆ, ಮಾವ ಗಾದ್ರಪ್ಪ ಮನಸಾರೆ ಮಾಡುವ ಆಶೀರ್ವಾದಗಳು.

ಚೆನ್ನಾಗಿದ್ದೀಯಾ ತಾಯಿ? ನನ್ನ ತಂಗಿ ಚಿನ್ನಕ್ಕನ ಮಂಡಿನೋವು ಹೇಗಿದೆ? ಮೊಳಕಾಲ್ಮೂರಿನ ಆ ನಿಮ್ಮ ಎತ್ತರದ ಮನೆಯ ಮೆಟ್ಟಿಲನ್ನು ಪದೇ ಪದೇ ಹತ್ತಿ ಇಳಿಯಬೇಡ ಅಂದರೆ ಕೇಳುವ ಪೈಕಿ ಅಲ್ಲ ಅವಳು, ಚಿಕ್ಕಂದಿನಿಂದಲೂ ಹಾಗೇ. ಎಲ್ಲಕ್ಕಿಂತ ಮುಖ್ಯ ನನ್ನ ಮೊಮ್ಮಗ ದುರುಗೇಶಿಯ ಕಾಲು. ಪಟ್ಟಿ ಬಿಚ್ಚಿದ ಮೇಲೆ ಓಡಾಡುತ್ತಿದ್ದಾನೆ ಎಂದು ಮಾರುತೇಶ ನಿನ್ನೆ ನಿಮ್ಮಲ್ಲಿಂದ ಬಂದು ಹೇಳಿದ. ಹೇಳಿದ ಅಂದರೆ ಏನು ಹೇಳಿದ ಬಿಡು, ನಿನ್ನ ಗಂಡನ ಸಂಗತಿ ನಿನಗೇ ಗೊತ್ತಲ್ಲ. ‘ಕುಂಟುತ್ತಾನೇನೋ?’ ಅಂದರೆ ‘ಇಲ್ಲ’. ‘ಅಜ್ಜನ್ನ ಕೇಳಿದನೇನೋ?’ ಅಂದರೆ ‘ಹೂಂ’. ಎಣ್ಣೆ ಮಿಲ್ಲಿನ ಗದ್ದಲದಲ್ಲಿ ಮಾತೇ ಮರೆತು ಹೋಗಿದೆ ಅವನಿಗೆ. ಜೀವಮಾನವಿಡೀ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಪರಶುರಾಂಪುರ, ಪರಶುರಾಂಪುರ, ಯಾರ್ರೀ ಮೊಳಕಾಲ್ಮೂರು’ ಅಂತ ಕೂಗಿ ಜನ ಹತ್ತಿಸಿದ ಏಜೆಂಟು ನಾನು, ನನಗೆ ಇಂಥ ಮೂಕಬಸವ ಹುಟ್ಟಿದ್ದಾನೆ! ಅವನ ಬಾಯಿ ನಂಬಿ ಕೂತರೆ ಇಲ್ಲಿ ನಡೆದಿರುವ ಒಂದು ವಿಷಯವೂ ನಿನ್ನ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಕನ್ನಡಕ ಒರೆಸಿಕೊಂಡು ನಾನೇ ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಕಾರ್ತಿಕದಲ್ಲಿ ಆ ಟ್ರ್ಯಾಕ್ಸು ಗಾಡಿ ನಮ್ಮ ಮನೆ ಮುಂದೆ ಮಗುವಿಗೆ ಬಡಿದು ನಿಲ್ಲಿಸದೆ ಹೋದದ್ದನ್ನು ಮತ್ತೆ ಬರೆಯಲು ಕೈ ಬರುವುದಿಲ್ಲ. ಆಸ್ಪತ್ರೆಯ ಜಗಲಿಯಲ್ಲಿ ನೀನು ನಿನ್ನ ಅತ್ತೆಗೆ, ನನ್ನ ಬೋರಿಗೆ, ಹೇಳಿದ ಮಾತು ಮಾತ್ರ ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ‘ನಿನ್ನ ಕೈಗೆ ಮಗನ್ನ ಕೊಟ್ಟು ಕಡ್ಲೆಕಾಯಿ ಸುಲಿಯಾಕೆ ಹೋಗಿದ್ದೆ ಅತ್ತೆ. ನಿನ್ನ ಕೈಲಿ ಅವತ್ತು ಏನಿತ್ತು?’ ಅಂದೆ. ಅವಳ ಕೈಯಲ್ಲಿ ಮೊರ ಇತ್ತು. ಜೋಳ ಕೇರುತ್ತಿದ್ದಳು, ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಮಗು ಜಗಲಿ ಇಳಿದಿತ್ತು. ಅದನ್ನು ಅವಳು ಹೇಳಲಿಲ್ಲ. ಆಮೇಲೆ ನೀನು ನನ್ನ ಕಡೆ ತಿರುಗಿ, ‘ಆ ಬೀದಿ ನೆಟ್ಟಗಾಗೋ ತನಕ ನನ್ನ ಮಗನ್ನ ಕರ್ಕಂಡು ಬರಲ್ಲ ಮಾವ’ ಅಂತ ಹೇಳಿ, ಆಸ್ಪತ್ರೆಯಿಂದ ನೇರವಾಗಿ ತವರಿಗೆ ಹೋದೆ. ನೀನು ಹೇಳಿದ್ದು ತಪ್ಪು ಅಂತ ನಾನು ಅನ್ನುವುದಿಲ್ಲ ತಾಯಿ, ಹೆತ್ತ ಹೊಟ್ಟೆ ಅದು. ಆದರೆ ನೀನು ಹೋದ ಮೇಲೆ ಈ ಬೀದಿಗೆ ಏನಾಯಿತು ಅನ್ನುವುದನ್ನು ನೀನು ಕೂತು ಓದಬೇಕು.

ಮೊದಲು ನಿನ್ನ ಮಾವನ ಪ್ರತಾಪ ಕೇಳು. ಮೇನ್ ರೋಡಿನ ಸೇತುವೆ ಕೆಲಸ ನಡೆಯುವಾಗ ಈ ಬೀದಿಗೆ ನುಗ್ಗಿದ ಗಾಡಿಗಳು, ಸೇತುವೆ ಮುಗಿದ ಮೇಲೂ ಹತ್ತಿರದ ದಾರಿ ಅಂತ ಇಲ್ಲೇ ನುಗ್ಗುತ್ತಿದ್ದವು, ನಿನಗೆ ಗೊತ್ತಿದ್ದದ್ದೇ. ಬಸ್‌ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ಕೇಳುವ ಗಂಟಲು ನನ್ನದು, ಒಂದು ಕೂಗಿಗೆ ಹೊರಟ ಬಸ್ಸನ್ನೇ ನಿಲ್ಲಿಸಿದವನು. ಈ ಟೆಂಪೊ ಯಾವ ಲೆಕ್ಕ ಅಂದುಕೊಂಡು ಬೀದಿ ಮಧ್ಯೆ ನಿಂತು ‘ನಿಧಾನಾ, ನಿಧಾನಾ’ ಅಂತ ಕೂಗಿದೆ. ಒಬ್ಬ ಡ್ರೈವರು ತಲೆ ಹೊರಗೆ ಹಾಕಿ, ‘ಯಾವೂರಿಗೆ ಯಜಮಾನ್ರೆ, ಹತ್ರಿ’ ಅಂದು ಹೋದ! ಮುನಿಸಿಪಾಲ್ಟಿ ಆಫೀಸಿಗೆ ಹೋಗಿ ರಸ್ತೆಗೆ ಅಡ್ಡಲಾಗಿ ಉಬ್ಬು ಹಾಕಿಸಿಕೊಡಿ ಅಂದರೆ ಮೇಲಿನಿಂದ ಆರ್ಡರು ಬರಬೇಕು ಅಂದರು. ಮೇಲೆ ಅಂದರೆ ಎಷ್ಟು ಮೇಲೆ ಅಂತ ಕೇಳಿ ಜಗಳ ಮಾಡಿಕೊಂಡು ಬಂದೆ. ಬಂದವನೇ ಬಸ್‌ಸ್ಟ್ಯಾಂಡಿನ ನಾಲ್ಕು ಜನ ಹಳೇ ಹಮಾಲರನ್ನು ಸೇರಿಸಿ, ಕಲ್ಲು ಮಣ್ಣು ತಂದು ನಾನೇ ಒಂದು ಉಬ್ಬು ಹಾಕಿಸಿದೆ. ಹಾಕಿಸಿದ ಮೇಲೆ ಎತ್ತರ ಸಾಲದು ಅನ್ನಿಸಿತು, ಇನ್ನಷ್ಟು ಮಣ್ಣು ಸುರಿಸಿದೆ.

ಮಾರನೆಯ ದಿನ ಪರಶುರಾಂಪುರದ ಕಡೆಯಿಂದ ಈರುಳ್ಳಿ ತುಂಬಿದ ಟ್ರ್ಯಾಕ್ಟರು ಬಂತು ನೋಡು. ಟ್ರೇಲರು ಎಗರಿದ ಎಗರಿಗೆ ಚೀಲಗಳು ದಬದಬ ಬಿದ್ದು ಬಾಯಿ ಬಿಟ್ಟವು. ಬೀದಿ ತುಂಬಾ ಈರುಳ್ಳಿ! ಹೆಂಗಸರೆಲ್ಲ ಬಂದು ಆರಿಸಿ ಕೊಟ್ಟರು, ಕೊಟ್ಟದ್ದಕ್ಕಿಂತ ಮಡಿಲಿಗೆ ಹೋದದ್ದೇ ಹೆಚ್ಚು ಅಂತ ನನ್ನ ಅನುಮಾನ. ಈರುಳ್ಳಿಯ ಯಜಮಾನ ನನ್ನ ವಂಶವನ್ನೆಲ್ಲ ಎತ್ತಿ ಬೈದ, ನಾನೇನು ಸುಮ್ಮನಿದ್ದೆನೇ, ಬಡ್ಡಿ ಸಮೇತ ತಿರುಗಿಸಿದೆ. ಸಂಜೆಗೆ ಆಫೀಸಿನವರು ಬಂದು ನನ್ನ ಉಬ್ಬನ್ನು ಸವರಿ ಹಾಕಿ, ಇನ್ನೊಂದು ಸಲ ಹೀಗೆ ಮಾಡಿದರೆ ಕೇಸು ಅಂದು ಹೋದರು. ಆ ದಿನ ಸಾರಿನಲ್ಲಿ ಈರುಳ್ಳಿ ಬಹಳ ಇತ್ತು. ನಿನ್ನ ಅತ್ತೆ ಬಡಿಸಿದಳು, ನಾನು ತಲೆ ಎತ್ತದೆ ಉಂಡೆ. ನೀನು ಹೋದಾಗಿನಿಂದ ಅವಳು ಯಾರ ಜೊತೆಯೂ ಮಾತೇ ಆಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಬೀದಿಯನ್ನೇ ನೋಡುತ್ತಿದ್ದಳು. ನನಗೆ ಹೆದರಿಕೆಯೇ ಆಗಿತ್ತು, ಮುದುಕಿ ಮನಸ್ಸಿಗೆ ಹಚ್ಚಿಕೊಂಡು ಏನಾದರೂ ಆದಾಳು ಅಂತ.

ಸಂಕ್ರಾಂತಿ ಕಳೆದು, ಸಿದ್ದಾಪುರದ ಕಡೆಯ ಕುರಿಯವರು ಉಣ್ಣೆ ತಂದಾಗ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ನನ್ನ ಮುಂದೆ ನಿಂತು ‘ಮಂಚ ಎತ್ತು’ ಅಂದಳು. ನನ್ನ ಮಂಚದ ಕೆಳಗೆ ಹಲಗೆ ಇರುವುದು, ಹಲಗೆಯ ಕೆಳಗೆ ಮಗ್ಗದ ಗುಂಡಿ ಇರುವುದು ನಿನಗೂ ಗೊತ್ತಿಲ್ಲವೇನೋ. ನೀನು ಈ ಮನೆಗೆ ಬರುವ ಹೊತ್ತಿಗೆ ಮಗ್ಗ ನಿಂತು ಎಷ್ಟೋ ವರ್ಷವಾಗಿತ್ತು. ನಮ್ಮಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ಕಂಬಳಿ ನೇಯುತ್ತಾರೆ, ಅದು ಪದ್ಧತಿ. ಆದರೆ ನಿನ್ನ ಅತ್ತೆ ಗಂಡುಮಕ್ಕಳಿಲ್ಲದ ಅಪ್ಪನ ಪಕ್ಕದಲ್ಲಿ ಕೂತು ನೇಯ್ಗೆ ಕಲಿತವಳು. ಬಸ್ಸಿನ ಹಿಂದೆ ಓಡುವ ಗಂಡ ಸಿಕ್ಕಿದ ಮೇಲೆ ಮಗ್ಗದಲ್ಲಿ ಕೂರುವ ಗಂಡಸೂ ಅವಳೇ ಆಗಿದ್ದಳು. ನಾನು ‘ಈ ವಯಸ್ಸಲ್ಲಿ ಕಂಬಳಿ ಯಾಕೆ, ಯಾರು ಕೊಳ್ತಾರೆ?’ ಅಂದೆ. ‘ಮಾರಾಕಲ್ಲ. ಎತ್ತು ಅಂದ್ರೆ ಎತ್ತು’ ಅಂದಳು. ಎತ್ತಿದೆ. ಈಗ ನಾನು ನಡುಮನೆಯಲ್ಲಿ ಹಿಟ್ಟಿನ ಡಬ್ಬಗಳ ಪಕ್ಕ ಮಲಗುತ್ತೇನೆ, ನಿನ್ನ ಮಾವನ ಗತಿ ಇದು.

ನೂಲು ಸಿದ್ಧವಾದ ಮೇಲೆ ಹಾಸು ಬೀದಿಗೆ ಬಂತು. ಪೇಟೆಯಲ್ಲಿ ಬೆಳೆದ ನೀನು ನೋಡಿಲ್ಲ, ಅದಕ್ಕೆ ಹೇಳುತ್ತೇನೆ. ಕಂಬಳಿಯ ಉದ್ದದ ಎಳೆಗಳನ್ನೆಲ್ಲ ಒಟ್ಟಿಗೆ, ಮೂರು ಮನೆಗಳ ಉದ್ದಕ್ಕೆ, ಎರಡು ಕಡೆ ಗೂಟ ನೆಟ್ಟು ಸೊಂಟದೆತ್ತರದಲ್ಲಿ ಬಿಗಿಯಾಗಿ ಎಳೆದು ಕಟ್ಟುತ್ತಾರೆ, ಅದಕ್ಕೆ ಹಾಸು ಅನ್ನುತ್ತೇವೆ. ಅದಕ್ಕೆ ಹುಣಸೆಬೀಜದ ಗಂಜಿ ಬಳಿದು, ಕುಂಚದಿಂದ ತೀಡುತ್ತಾ ತೀಡುತ್ತಾ ಬಿಸಿಲಿಗೆ ಒಣಗಿಸಬೇಕು. ಒಣಗುವ ತನಕ ಅದು ಹಸಿಕೂಸು ಇದ್ದ ಹಾಗೆ. ಒಂದು ಗಾಡಿ ಜೋರಾಗಿ ಹೋಗಿ ಧೂಳು ಎಬ್ಬಿಸಿದರೆ ಧೂಳೆಲ್ಲ ಗಂಜಿಗೆ ಅಂಟಿ ಕಂಬಳಿ ಕೆಟ್ಟಿತು ಅಂತಲೇ ಲೆಕ್ಕ. ಹಸಿ ಹಾಸನ್ನು ದಾಟಬಾರದು, ತುಳಿಯಬಾರದು, ಎಳೆ ಕಿತ್ತರೆ ಕಿತ್ತವನೇ ಕೂತು ಗಂಟು ಹಾಕಿ ಏಳಬೇಕು. ಇದು ನಮ್ಮ ಕುರಿ ಕಾಯುವ, ಕಂಬಳಿ ನೇಯುವ ಹಟ್ಟಿಗಳಲ್ಲೆಲ್ಲ ಹಾಲು ಕುಡಿಯುವ ಕೂಸಿಗೂ ಗೊತ್ತು. ನಮ್ಮ ಬೀದಿ ಇಷ್ಟು ನೆಟ್ಟಗೆ, ಇಷ್ಟು ಉದ್ದಕ್ಕೆ ಇರುವುದೇ ಹಾಸಿನ ಸಲುವಾಗಿ ಕಣಮ್ಮ, ಹಿರಿಯರು ಹಾಗೆ ಮನೆ ಕಟ್ಟಿದರು. ಹಾಸು ಹಾಕುವುದು ನಿಂತುಹೋಯಿತು, ಟಾರು ಬಂತು, ಆ ನೆಟ್ಟನೆಯ ಬೀದಿಯನ್ನು ಕಂಡೇ ಈ ಡ್ರೈವರುಗಳ ಕಾಲು ಕೆಳಗೆ ಒತ್ತುತ್ತಿತ್ತು. ಇದು ಇಷ್ಟು ವರ್ಷ ನನಗೆ ಹೊಳೆಯಲಿಲ್ಲ. ಜಗಲಿಯ ಮೇಲೆ ಮಾತಿಲ್ಲದೆ ಕೂತಿದ್ದವಳಿಗೆ ಹೊಳೆಯಿತು.

ಟಾರಿನ ಅಂಚಿನಲ್ಲಿ ಗೂಟ ನೆಟ್ಟು ಬೀದಿಯ ಅಗಲದಲ್ಲಿ ಅರ್ಧ ಹಿಡಿಯುವ ಹಾಗೆ ಉದ್ದಕ್ಕೆ ಹಾಸು ಎಳೆದಳು. ‘ಲೇ, ಗಾಡಿ ನುಗ್ಗಿದ್ರೆ ನಿನ್ನ ಗತಿ ಏನು?’ ಅಂದೆ. ‘ನುಗ್ಗಲ್ಲ. ನುಗ್ಗಿದ್ರೆ ನನ್ನ ಮುದಿ ಕಾಲು ತಾನೆ, ಹೋಗ್ಲಿ’ ಅಂದಳು. ಪಕ್ಕದ ಮನೆಯ ನಿಂಗಕ್ಕ ಆ ಕಡೆ, ಇವಳು ಈ ಕಡೆ, ಕುಂಚ ಹಿಡಿದು ನಿಂತರು. ಮೊದಲು ಬಂದದ್ದೇ ಒಂದು ಟ್ರ್ಯಾಕ್ಸು, ಮೈತುಂಬ ಜನ. ಹಾರ್ನ್ ಹೊಡೆಯುತ್ತಾ ಬಂದವನು ಹಾಸು ಕಂಡದ್ದೇ ಕಿರ್ರ್ ಅಂತ ನಿಲ್ಲಿಸಿದ. ಒಳಗಿದ್ದ ಒಬ್ಬ ಮುದುಕ, ‘ಲೇ ಲೇ, ಹಾಸೈತೆ, ಧೂಳೆಬ್ಬಿಸಬ್ಯಾಡಲೇ’ ಅಂತ ಡ್ರೈವರಿಗೆ ಬೈದ. ಡ್ರೈವರು ಇಳಿದು ಬಂದು, ‘ಹೋಗ್ಲಾ ಅತ್ತೆ?’ ಅಂದ. ‘ಹೋಗಪ್ಪ. ಮೆಲ್ಲಕ್ಕೆ ಹೋಗು, ಧೂಳು ಏಳದಂಗೆ’ ಅಂದಳು. ಅವನು ಚರಂಡಿ ಅಂಚಿನಲ್ಲಿ ನಡೆದುಕೊಂಡು ಹೋಗುವವನ ಹಾಗೆ ಗಾಡಿ ದಾಟಿಸಿದ. ನನ್ನ ಗಂಟಲಿಗೆ ಜಗ್ಗದ ಗಾಡಿ! ಸತ್ಯವಾಗಿ ಹೇಳುತ್ತೇನೆ, ಅವತ್ತು ಬೋರಿಯ ಮೇಲೆ ನನಗೆ ಬಂದ ಹೆಮ್ಮೆ ಮದುವೆಯ ದಿನವೂ ಬಂದಿರಲಿಲ್ಲ.

ಎಲ್ಲ ದಿನವೂ ಹೀಗೆ ಸಲೀಸಾಗಲಿಲ್ಲ. ಒಂದು ದಿನ ಆಂಧ್ರ ನಂಬರಿನ ಟೊಮ್ಯಾಟೊ ಟೆಂಪೊ, ಹೊಸ ಹುಡುಗ, ಈ ಬೀದಿಯ ಸುದ್ದಿ ಗೊತ್ತಿಲ್ಲದವನು, ಗಾಳಿಯಲ್ಲಿ ಬಂದ. ಬ್ರೇಕು ಹಾಕಿದ, ಆದರೂ ಬಂಪರು ಗೂಟಕ್ಕೆ ತಾಗಿ ಗೂಟ ವಾಲಿತು. ಪಟಪಟ ಅಂತ ಎಳೆ ಕಿತ್ತ ಸದ್ದು ಇನ್ನೂ ನನ್ನ ಎದೆಯಲ್ಲಿದೆ. ನಿನ್ನ ಅತ್ತೆ ಗೂಟದಿಂದ ಒಂದು ಮಾರು ದೂರದಲ್ಲಿ ನಿಂತಿದ್ದಳು ತಾಯಿ. ನಾನು ಅವನ ಕೊರಳಪಟ್ಟಿ ಹಿಡಿದು ಕೆಳಗೆಳೆದು ಕೈ ಎತ್ತಿದೆ. ಅಷ್ಟರಲ್ಲಿ ಇವಳು ಬಂದು, ‘ಬಿಡು ಅವನ್ನ’ ಅಂದಳು. ಹುಡುಗ ಹಾಸನ್ನು ನೋಡಿದ, ‘ತಪ್ಪಯಿಂದಮ್ಮಾ, ಮಾ ಅಮ್ಮ ಕೂಡಾ ಗೊಂಗಳ್ಳು ನೇಸೇದಮ್ಮಾ’ ಅಂದ, ಅವರಮ್ಮನೂ ಕಂಬಳಿ ನೇಯುತ್ತಿದ್ದಳಂತೆ. ನಿನ್ನ ಅತ್ತೆಯ ತವರಿನ ಕಡೆ ಅರ್ಧ ಮಾತು ತೆಲುಗೇ ಅಲ್ಲವೇ, ‘ಅಯಿತೇ ಕೂರ್ಚೋ. ಮುಡಿ ವೇಯಡಂ ವಚ್ಚಾ?’ ಅಂದಳು. ಗಂಟು ಹಾಕಲು ಬರುತ್ತದಾ, ಹಾಗಾದರೆ ಕೂರು ಅಂತ. ಅವನು ಟಾರಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಒರೆಸಿಕೊಳ್ಳುತ್ತಾ ಒಂದೊಂದೇ ಎಳೆ ಹುಡುಕಿ ಗಂಟು ಹಾಕಿದ. ಹಿಂದೆ ಗಾಡಿಗಳ ಸಾಲು ನಿಂತಿತು. ಯಾರೋ ಹಾರ್ನ್ ಹೊಡೆದರೆ ಅವನೇ ಎದ್ದು ನಿಂತು ತೆಲುಗಿನಲ್ಲಿ ಬೈದು ಮತ್ತೆ ಕೂತ! ಮುಗಿದ ಮೇಲೆ ಇವಳು ಅವನಿಗೆ ಮಜ್ಜಿಗೆ ಕೊಟ್ಟು, ಅವರಮ್ಮನ ಆರೋಗ್ಯ ವಿಚಾರಿಸಿ ಕಳಿಸಿದಳು. ಹೋಗುವಾಗ ಅವಳ ಕಾಲು ಮುಟ್ಟಿದ.

ಆ ಸುದ್ದಿ ಸಂಜೆಯೊಳಗೆ ಬಸ್‌ಸ್ಟ್ಯಾಂಡು ಮುಟ್ಟಿತು, ಅಲ್ಲಿಂದ ಎಣ್ಣೆ ಮಿಲ್ಲಿಗೆ, ಸಂತೆಗೆ. ‘ಬೋರಕ್ಕನ ಬೀದಿಲಿ ಎಳೆ ಕಿತ್ರೆ ಕೂತು ಕಟ್ಟಬೇಕಂತೆ’ ಅಂತ ಡ್ರೈವರುಗಳು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು, ಆದರೆ ಬೀದಿಯ ತುದಿಗೆ ಬಂದರೆ ತಾವಾಗಿಯೇ ಗೇರು ಇಳಿಸುತ್ತಿದ್ದರು. ಆಮೇಲೆ ನಿಂಗಕ್ಕನ ಮನೆಯ ಮಗ್ಗವೂ ಎದ್ದಿತು, ಎದುರು ಸಾಲಿನ ಉಚ್ಚಂಗೆಮ್ಮನ ಮನೆಯದೂ ಎದ್ದಿತು. ಇವಳ ಹಾಸು ಎಡಕ್ಕೆ, ಉಚ್ಚಂಗೆಮ್ಮನದು ಸ್ವಲ್ಪ ಮುಂದೆ ಬಲಕ್ಕೆ, ಗಾಡಿಗಳು ಹಾವು ಹರಿದ ಹಾಗೆ ಹರಿದು ಹೋಗಬೇಕು, ಯಾರು ಜೋರು ಓಡಿಸುತ್ತಾರೆ? ಒಂದು ದಿನ ಜೀಪಿನಲ್ಲಿ ಯಾರೋ ದೊಡ್ಡ ಸಾಹೇಬರು ಬಂದು, ‘ರೋಡಲ್ಲಿ ಇದನ್ನ ಹಾಕಕ್ಕೆ ಪರ್ಮಿಷನ್ ಐತೇನಮ್ಮ?’ ಅಂದರು. ‘ರೋಡು ಹಾಕೋವಾಗ ನಮ್ಮನ್ನ ಯಾರು ಕೇಳಿದ್ರು ಸ್ವಾಮಿ? ಮಧ್ಯಾಹ್ನಕ್ಕೆ ಒಣಗ್ತೈತೆ, ತೆಗಿತೀವಿ. ಅಲ್ಲೀಗಂಟ ಧೂಳು ಏಳದಂಗೆ ಹೋಗ್ರಿ’ ಅಂದಳು. ಸಾಹೇಬರು ನಕ್ಕು, ಅವರ ತಂದೆಗೆ ಒಂದು ಕಂಬಳಿ ಬೇಕು ಅಂತ ಹೇಳಿ, ಮೆಲ್ಲಗೆ ಜೀಪು ಬಿಡಿಸಿಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ಎಲ್ಲ ನೋಡಿದೆ. ಒಂದು ಸಲವೂ ಅವಳು ದನಿ ಎತ್ತಲಿಲ್ಲ ಮಂಜಮ್ಮ, ಒಂದು ಸಲವೂ ‘ಇಲ್ಲಿ ನನ್ನ ಮೊಮ್ಮಗ ಬಿದ್ದಿದ್ದ’ ಅಂತ ಯಾರ ಮುಂದೆಯೂ ಹೇಳಲಿಲ್ಲ. ಧೂಳು ಎಬ್ಬಿಸಬೇಡ ಅನ್ನುವುದು ಬಿಟ್ಟು ಬೇರೆ ಮಾತೇ ಇಲ್ಲ.

ಈಗ ಕೇಳು, ಮುಖ್ಯ ಮಾತು. ತಂದ ಉಣ್ಣೆ ಮುಗಿದಿದೆ. ಶಿವರಾತ್ರಿ ಕಳೆದ ಮೇಲೆ ನಮ್ಮ ಬೀದಿಯಲ್ಲಿ ಒಂದು ಹಾಸೂ ಇಲ್ಲ, ಬರೀ ಗೂಟಗಳು ನಿಂತಿವೆ. ನಾನು ಅಂದುಕೊಂಡೆ, ಮುಗಿಯಿತು, ನಾಳೆಯಿಂದ ಮತ್ತೆ ಶುರು ಅಂತ. ಇಲ್ಲ ತಾಯಿ! ಇಲ್ಲೇ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ, ಈಗ ತಾನೆ ಕಡ್ಲೆಕಾಯಿ ಹಿಂಡಿ ತುಂಬಿದ ಲಾರಿ ಬಂತು. ಬೀದಿಯ ತುದಿಯಲ್ಲೇ ನಿಧಾನವಾಯಿತು, ನಮ್ಮ ಮನೆಯ ಮುಂದೆ ಬಂದಾಗ ಡ್ರೈವರು ಕೈ ಹೊರಗೆ ಹಾಕಿ, ‘ಅತ್ತೆ ಇಲ್ವಾ?’ ಅಂತ ಕೇಳಿ ಹೋದ. ಅದರ ಹಿಂದೆಯೇ ನಿಂಗಕ್ಕನ ಕೋಳಿ ತನ್ನ ಮರಿಗಳನ್ನು ಕಟ್ಟಿಕೊಂಡು ರಾಜಗಾಂಭೀರ್ಯದಿಂದ ರಸ್ತೆ ದಾಟಿತು. ನೀನು ಹೇಳಿದ್ದೆಯಲ್ಲ, ಬೀದಿ ನೆಟ್ಟಗಾಗಬೇಕು ಅಂತ, ಆಗಿದೆ. ನಾನು ಮಾಡಿದ್ದಲ್ಲ, ಆಫೀಸಿನವರು ಮಾಡಿದ್ದಲ್ಲ. ನಿನ್ನ ಅತ್ತೆ ಮಾಡಿದ್ದು. ನೀನು ಅವತ್ತು ಅವಳ ಕೈಲಿ ಏನಿತ್ತು ಅಂತ ಕೇಳಿದೆ, ಈಗ ಬಂದು ನೋಡು. ಗಂಜಿ ಹತ್ತಿ ಬೆರಳೆಲ್ಲ ಒಡೆದಿವೆ, ಎಣ್ಣೆ ಹಚ್ಚು ಅಂದರೆ ಸಿಡುಕುತ್ತಾಳೆ.

ಹೊಸ ಉಣ್ಣೆ ಯುಗಾದಿ ಕಳೆದ ಮೇಲೆ ಬರುತ್ತದಂತೆ. ಮೊದಲ ಹಾಸು ಬೋರಕ್ಕನದೇ ಬೀಳಬೇಕು, ಆಮೇಲೆ ನಮ್ಮದು ಅಂತ ಬೀದಿಯ ಹೆಂಗಸರೆಲ್ಲ ಕಾಯುತ್ತಿದ್ದಾರೆ. ಕೇಳಿದವರಿಗೆಲ್ಲ ಇವಳು ‘ಮಗ್ಗ ಖಾಲಿ ಇಲ್ಲ’ ಅನ್ನುತ್ತಾಳೆ. ಅದರ ಕಥೆ ಬೇರೆ, ಜಾಗ ಉಳಿದರೆ ಬರೆಯುತ್ತೇನೆ.

ಚಿನ್ನಕ್ಕನಿಗೆ ಅಣ್ಣನ ನೆನಕೆ ತಿಳಿಸು, ಮಂಡಿಗೆ ಬಿಸಿ ಉಪ್ಪಿನ ಗಂಟು ಇಟ್ಟುಕೊಳ್ಳಲಿ. ದುರುಗೇಶಿಯ ಎರಡು ಕೆನ್ನೆಗೂ ಅಜ್ಜನ ಪರವಾಗಿ ನೀನೇ ಮುತ್ತು ಕೊಡು, ನನ್ನ ಮೀಸೆ ಚುಚ್ಚುತ್ತದೆ ಅಂತ ಅಳುತ್ತಾನೆ ಅವನು. ನಿಮ್ಮ ಮೂವರಿಗೂ ಆ ಬೀರಪ್ಪ ದೇವರು ಒಳ್ಳೆಯದು ಮಾಡಲಿ.

ಯಾವಾಗಲೂ ನಿನ್ನ ಒಳ್ಳೆಯದನ್ನೇ ಬಯಸುವ ಸೋದರಮಾವ,
ಗಾದ್ರಪ್ಪ

ತಾ.ಕ.: ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬರೆಯುತ್ತಿದ್ದೇನೆ, ಮೊಳಕಾಲ್ಮೂರು ಬಸ್ಸಿನ ಕಂಡಕ್ಟರು ಕೈ ಚಾಚಿ ‘ಕೊಡ್ರಿ, ಟೈಮಾತು’ ಅನ್ನುತ್ತಿದ್ದಾನೆ. ಮಗ್ಗದ ಕಥೆ ಇದು. ಕೊನೆಯ ನೂಲಿನಲ್ಲಿ ಅವಳು ನೇಯ್ದದ್ದು ದುರುಗೇಶಿಗೆ ಹೊದೆಯಲು ಒಂದು ಚಿಕ್ಕ ಕಂಬಳಿ. ಮಾರಾಕಲ್ಲ ಅಂದದ್ದು ಇದಕ್ಕೇ. ಅದನ್ನು ಮಗ್ಗದಿಂದ ಕೊಯ್ದಿಲ್ಲ, ಹಾಗೇ ಬಿಟ್ಟು ಕೂತಿದ್ದಾಳೆ. ‘ಹುಡುಗ ಎಷ್ಟುದ್ದ ಆಗ್ಯಾನೋ ನಾನು ಕಂಡಿಲ್ಲ, ಅಳತೆ ಇಲ್ದೆ ಹೆಂಗೆ ಕೊಯ್ಲಿ? ಆ ಕಾಲು ಕಂಬಳಿಯಿಂದ ಆಚೆ ಬರಬಾರದು’ ಅನ್ನುತ್ತಾಳೆ. ಅದು ಇಳಿಯದೆ ಹೊಸ ಹಾಸು ಏರುವುದಿಲ್ಲ. ನಿನ್ನೆ ಮಾರುತೇಶ ನಿಮ್ಮಲ್ಲಿಗೆ ಹೊರಟಾಗ, ಮಗನ ಉದ್ದ ಅಳೆದುಕೊಂಡು ಬಾ ಅಂತ ಅವನ ಜೇಬಿಗೆ ಒಂದು ದಾರ ಹಾಕಿದ್ದಳು. ಅವನು ಬಸ್ಸು ಹತ್ತುವಾಗ ಆ ದಾರವನ್ನು ನಾನೇ ಎಗರಿಸಿದೆ. ಬರಿಗೈಲಿ ಬಂದ ಅಂತ ಅವನನ್ನು ಬೈದು ಒಳಗೆ ಹೋಗಿ ಅತ್ತಳು, ಅವನು ನನ್ನ ಹೆಸರು ಹೇಳಲಿಲ್ಲ, ಮೂಕಬಸವ ಒಂದಕ್ಕಾದರೂ ಒದಗಿದ. ಬಾಯಿ ಬಿಟ್ಟು ನಿನ್ನನ್ನು ಕರೆಯುವ ಧೈರ್ಯ ಅವಳಿಗಿಲ್ಲ ಮಂಜಮ್ಮ, ಮೊಳಕಾಲ್ಮೂರು ಬಸ್ಸು ಬರುವ ಹೊತ್ತಿಗೆ ದಿನಾ ಜಗಲಿಗೆ ಬಂದು ಕೂರುತ್ತಾಳೆ. ಬರುವ ಸೋಮವಾರ ಯುಗಾದಿ. ಈ ಕಾಗದ ನೋಡಿ ಪಾಪ ಅನ್ನಿಸಿ ಅಳತೆಯ ದಾರ ಗೀರ ಕಳಿಸೀಯ, ಖಂಡಿತ ಕಳಿಸಬೇಡ. ಹುಡುಗನನ್ನೇ ಕರೆದುಕೊಂಡು ಬಾ.